ಮೂರು ಚಮಚ ನೀರು

ಎರಡನೇ ಸುತ್ತಿನ ಫಲಿತಾಂಶ ಬಂದಾಗ ಮೇದಿನಿ ಅಹಮದಾಬಾದಿನ ಅಂಚಿನ ಬೋಪಾಲ್‌ನ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಫೋನು ಸದ್ದು ಮಾಡಿತು. ಸೌಟು ಕೆಳಗಿಡದೆ ಇನ್ನೊಂದು ಕೈಯಲ್ಲಿ ಮೇಲ್ ತೆರೆದಳು. ಹದಿನಾಲ್ಕನೆಯ ಹೇಳಿಕೆಗೆ ಹದಿನೇಳರಲ್ಲಿ ಹನ್ನೆರಡು ಮತ. ಇನ್ನೊಂದು ಬಂದರೆ ಅದು ಒಮ್ಮತ.

ಮೇದಿನಿ ಮಾತು ಮತ್ತು ನುಂಗುವಿಕೆಯ ಚಿಕಿತ್ಸಕಿ. ಲಕ್ವ ಹೊಡೆದವರಲ್ಲಿ ಬಹಳ ಮಂದಿಗೆ ಮೊದಮೊದಲು ನುಂಗುವುದು ಸರಿಯಾಗಿ ಬರುವುದಿಲ್ಲ. ಕುಡಿದ ನೀರು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತದೆ, ಅಲ್ಲಿಂದ ಪುಪ್ಪುಸಕ್ಕೆ. ಎರಡು ದಿನದಲ್ಲಿ ನ್ಯುಮೋನಿಯಾ. ಆದ್ದರಿಂದ ರೋಗಿಯ ಬಾಯಿಗೆ ಮೊದಲ ಗುಟುಕು ಹಾಕುವ ಮುನ್ನ ಪರೀಕ್ಷೆ ಮಾಡಬೇಕು. ಆದರೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಪದ್ಧತಿ. ಅದನ್ನೆಲ್ಲ ಒಂದು ದಾರಿಗೆ ತರಬೇಕೆಂದು ಗುಜರಾತಿನ ಹದಿನೇಳು ಮಂದಿ ಪರಿಣತರು ಒಂದು ವರ್ಷದಿಂದ ಕೂತಿದ್ದರು. ನರರೋಗ ವೈದ್ಯರು, ನರ್ಸುಗಳು, ಮೇದಿನಿಯಂಥ ಚಿಕಿತ್ಸಕರು. ಪ್ರತಿಯೊಂದು ಹೇಳಿಕೆಗೂ ಒಂದರಿಂದ ಒಂಬತ್ತರವರೆಗೆ ಅಂಕ ಕೊಡಬೇಕು, ಯಾರು ಎಷ್ಟು ಕೊಟ್ಟರೆಂದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ನಾಲ್ಕರಲ್ಲಿ ಮೂರು ಪಾಲು ಜನ ಏಳು ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಅದು ಮಾರ್ಗಸೂಚಿಗೆ ಸೇರುತ್ತದೆ.

ಹದಿನಾಲ್ಕನೆಯ ಹೇಳಿಕೆ ಹೀಗಿತ್ತು: ಮೂರು ಚಮಚ ನೀರು ಕುಡಿಸಿ, ಕೆಮ್ಮು ಬಾರದಿದ್ದರೆ ರೋಗಿಗೆ ಬಾಯಿಯಿಂದ ಆಹಾರ ಕೊಡಬಹುದು. ಅರ್ಧ ಲೋಟ ನೀರನ್ನು ಒಂದೇ ಸಮನೆ ಕುಡಿಸಿ, ಆಮೇಲೆ ಒಂದು ನಿಮಿಷ ದನಿ ಪರೀಕ್ಷಿಸುವ ಪೂರ್ಣ ಪರೀಕ್ಷೆ ಕಡ್ಡಾಯವಲ್ಲ.

ಮೇದಿನಿ ಎರಡು ಸುತ್ತಿನಲ್ಲೂ ಅದಕ್ಕೆ ಎರಡು ಅಂಕ ಕೊಟ್ಟಿದ್ದಳು. ಮೊದಲ ಸುತ್ತಿನಲ್ಲಿ ಒಂಬತ್ತೇ ಮಂದಿ ಒಪ್ಪಿದ್ದರು. ಈಗ ಮೂವರು ಯಾಕೆ ಮನಸ್ಸು ಬದಲಿಸಿದರು? ಮೇಲ್‌ಗೆ ಲಗತ್ತಿಸಿದ ಟಿಪ್ಪಣಿ ತೆರೆದಳು. 'ಪೂರ್ಣ ಪರೀಕ್ಷೆಯೂ ನಂಬಿಕಸ್ಥವಲ್ಲ' ಎಂದು ಒಬ್ಬ ಸದಸ್ಯರು ವಾದಿಸಿದ್ದರು. ಆಧಾರವಾಗಿ ಮೂರು ನಗರಗಳ ಹಳೆಯ ದಾಖಲೆಗಳಿಂದ ಒಂದು ಪ್ರಕರಣವನ್ನು ಎತ್ತಿ ಕೊಟ್ಟಿದ್ದರು.

'ವಡೋದರಾ, ರೋಗಿ 31. ಪುರುಷ, 61 ವರ್ಷ, ಲೇತ್ ಕೆಲಸದಿಂದ ನಿವೃತ್ತ. ಪೂರ್ಣ ನೀರಿನ ಪರೀಕ್ಷೆಯಲ್ಲಿ ಉತ್ತೀರ್ಣ. ಮರುದಿನ ಜ್ವರ, ನ್ಯುಮೋನಿಯಾ. ಆರನೇ ದಿನ ಮರಣ. ಕುಟುಂಬದವರು ಮಲಗಿಸಿಕೊಂಡೇ ಕುಡಿಸಿರುವ ಸಾಧ್ಯತೆ.'

ಸೌಟಿನಿಂದ ಅನ್ನ ಕಟ್ಟೆಯ ಮೇಲೆ ಬಿತ್ತು. "ಮಮ್ಮಿ, ವ್ಯಾನ್ ಬಂತು!" ಎಂದು ಮಗಳು ಬಾಗಿಲಿನಿಂದ ಕೂಗಿದಳು. ಮೇದಿನಿ ಡಬ್ಬಿಯ ಮುಚ್ಚಳ ಹಾಕಿ ಅವಳ ಕೈಗಿಟ್ಟಳು.

ಆ ಮನುಷ್ಯನ ಹೆಸರು ಗುಂಡಪ್ಪ. ರಾಣೆಬೆನ್ನೂರಿನ ಕಡೆಯವನು. ವಡೋದರಾದ ಮಕರಪುರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರ ಓಡಿಸಿ ನಿವೃತ್ತನಾಗಿದ್ದ. ಎಂಟು ವರ್ಷದ ಹಿಂದೆ, ಮೇದಿನಿ ವಡೋದರಾದ ಆಸ್ಪತ್ರೆಯಲ್ಲಿದ್ದಾಗ, ಲಕ್ವ ಹೊಡೆದು ಬಂದು ಸೇರಿದ್ದ. ಎಡಗೈ ಎಡಗಾಲು ಬಿದ್ದಿದ್ದವು, ಮಾತು ತೊದಲುತ್ತಿತ್ತು. ಬುದ್ಧಿ ಮಾತ್ರ ಚುರುಕಾಗಿತ್ತು. ವೈದ್ಯರು ಮೂರೇ ವಾರದಲ್ಲಿ ಕೋಲು ಹಿಡಿದು ನಡೆದಾನು ಎಂದಿದ್ದರು.

ಅಂದು ಶನಿವಾರ, ಮಧ್ಯಾಹ್ನ ಒಂದು ಗಂಟೆ. ಮೇದಿನಿ ಎರಡು ಗಂಟೆಯ ರೈಲಿಗೆ ಅಹಮದಾಬಾದಿಗೆ ಹೋಗಬೇಕಿತ್ತು. ಗಂಡ ಸುಧನ್ವನಿಗೆ ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಇಬ್ಬರೂ ಸೇರಿ ಬೋಪಾಲ್‌ನಲ್ಲಿ ಒಂದು ಫ್ಲ್ಯಾಟ್ ನೋಡುವುದೆಂದು ಮಾತಾಗಿತ್ತು. ಪಟ್ಟಿಯಲ್ಲಿ ಕೊನೆಯ ಹೆಸರು ಗುಂಡಪ್ಪನದು. ಅವಳು ಹಿಂದಿಯಲ್ಲಿ ಮಾತು ಶುರು ಮಾಡಿದಳು. ಅವನು ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ ಏನೋ ಗೊಣಗಿದ. ಮೇದಿನಿ ನಕ್ಕು, "ನಾನೂ ಕನ್ನಡದವಳೇ, ಹಾಸನ" ಎಂದಳು.

ಅವನ ಮುಖದ ಬಲಭಾಗವೆಲ್ಲ ಅರಳಿತು. "ಹೌದೇನವ್ವಾ? ನನ್ನವ್ವಾ, ಎರಡು ದಿನ ಆತು, ನಾಲಿಗಿ ಒಣಗಿ ಕಟಿಗಿ ಆಗೇತಿ. ಒಂದು ಗುಟುಕು ಚಾ ಕುಡಸಾಕ ಹೇಳವಾ ಇವ್ರಿಗೆ."

ಹೆಂಡತಿ ಪಾರ್ವತಿ ನಾಚಿಕೊಂಡು, "ಅವರಿಗೆ ಚಾ ಇಲ್ದ ಬೆಳಗ ಆಗಂಗಿಲ್ರಿ" ಎಂದಳು.

ಮೇದಿನಿ ಮೂರು ಚಮಚ ನೀರು ಕುಡಿಸಿದಳು. ಕೆಮ್ಮಲಿಲ್ಲ. ಹೆಸರು ಹೇಳಲು ಹೇಳಿದಾಗ ದನಿ ಒಂದಿಷ್ಟು ಗೊರಗೊರ ಎಂದಂತಾಯಿತು, ಗಂಟಲಲ್ಲಿ ನೀರು ನಿಂತವರ ಹಾಗೆ. ತೊದಲಿಗೆ ಹಾಗೆ ಕೇಳುತ್ತದೆ ಎಂದುಕೊಂಡಳು. ನಿಜವಾಗಿ ಹಾಗೆಂದುಕೊಂಡಳೋ, ಅಥವಾ ಗಡಿಯಾರ ನೋಡಿ ಹಾಗೆಂದುಕೊಳ್ಳಲು ಮನಸ್ಸು ಮಾಡಿದಳೋ, ಅದನ್ನು ಅವಳು ಈ ಎಂಟು ವರ್ಷದಲ್ಲಿ ಎಷ್ಟು ಸಲ ತನ್ನನ್ನೇ ಕೇಳಿಕೊಂಡಿದ್ದಳೋ ಲೆಕ್ಕವಿಲ್ಲ. ಅರ್ಧ ಲೋಟದ ಪರೀಕ್ಷೆ ಮಾಡಲಿಲ್ಲ. ಫಾರಂನಲ್ಲಿ ಮಾತ್ರ, 'ಪೂರ್ಣ ಪರೀಕ್ಷೆ ಮಾಡಿದೆ, ಕೆಮ್ಮಿಲ್ಲ, ದನಿಯಲ್ಲಿ ವ್ಯತ್ಯಾಸವಿಲ್ಲ, ಉತ್ತೀರ್ಣ' ಎಂದು ಬರೆದು ಸಹಿ ಹಾಕಿದಳು. "ಕೂರಿಸಿ, ನಿಧಾನಕ್ಕೆ ಕುಡಿಸಿ" ಎಂದು ಪಾರ್ವತಿಗೆ ಹೇಳಿ ಓಡಿದಳು. ರೈಲು ಸಿಕ್ಕಿತು. ಫ್ಲ್ಯಾಟು ಒಪ್ಪಿಗೆಯಾಯಿತು.

ಸೋಮವಾರ ಬಂದಾಗ ಗುಂಡಪ್ಪ ಐಸಿಯುನಲ್ಲಿ ಉಸಿರಾಟದ ಯಂತ್ರದ ಮೇಲಿದ್ದ. ಗುರುವಾರ ಹೋದ. ಸಾವಿನ ಕಾರಣ ಚರ್ಚಿಸುವ ಸಭೆಯಲ್ಲಿ ದೊಡ್ಡ ಡಾಕ್ಟರು ಕಾಗದ ತಿರುವಿ, "ಪೂರ್ಣ ಪರೀಕ್ಷೆ ಪಾಸಾಗಿದೆ. ಅಂದಮೇಲೆ ಮನೆಯವರೇ ಮಲಗಿಸಿ ಕುಡಿಸಿರಬೇಕು" ಎಂದರು. ಮೇದಿನಿ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಬಾಯಿ ತೆರೆಯಲಿಲ್ಲ. ಹೊರಗೆ ಬಂದಾಗ ಪಡಸಾಲೆಯಲ್ಲಿ ಅದೇ ಮಾತನ್ನು ಕಿರಿಯ ವೈದ್ಯನೊಬ್ಬ ಪಾರ್ವತಿಗೆ ಹೇಳುತ್ತಿದ್ದ. ಮೇದಿನಿ ಬೇರೆ ಮೆಟ್ಟಿಲು ಹಿಡಿದು ಇಳಿದುಹೋದಳು.

ಈಗ ಆ ಸುಳ್ಳು ಕಾಗದ ತಾನಾಗಿಯೇ ನಡೆದುಕೊಂಡು ಬಂದು ಹದಿನೇಳು ಮಂದಿಯ ನಡುವೆ ಕೂತಿತ್ತು. ಅದರ ಮಾತು ಕೇಳಿ ಮೂವರು ಮನಸ್ಸು ಬದಲಿಸಿದ್ದರು. ಇನ್ನೊಬ್ಬರು ಬದಲಿಸಿದರೆ ರಾಜ್ಯದ ಎಷ್ಟೋ ಆಸ್ಪತ್ರೆಗಳಲ್ಲಿ ಮೂರು ಚಮಚವೇ ನಿಯಮವಾಗುತ್ತಿತ್ತು.

ಸಂಜೆ ಸುಧನ್ವನಿಗೆ ಎಲ್ಲ ಹೇಳಿದಳು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಇದನ್ನು ಅವನಿಗೆ ಹೇಳಿರಲಿಲ್ಲ. ಅವನು, "ಬೇರೆ ಪುರಾವೆ ಇಲ್ವಾ? ಹೊರದೇಶದ ಅಧ್ಯಯನಗಳು ಇರ್ತಾವಲ್ಲ. ಅದನ್ನ ಇಟ್ಕೊಂಡು ವಾದ ಮಾಡು. ನಿನ್ನ ವಿಷಯ ಯಾಕೆ ಎತ್ತಬೇಕು?" ಎಂದ.

"ಹಾಗೇ ಮಾಡ್ತೀನಿ" ಎಂದಳು ಮೇದಿನಿ. ಹಾಗೆ ಮಾಡಬಹುದೆಂದು ಅವಳಿಗೂ ಆಸೆಯಿತ್ತು.

ಕೊನೆಯ ಸಭೆ ಹತ್ತು ದಿನದ ನಂತರ ಅಹಮದಾಬಾದಿನ ಆಶ್ರಮ ರಸ್ತೆಯ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ಅಧ್ಯಕ್ಷೆ ಡಾ. ನಿರಂಜನಾಬೆನ್ ಮಜಮುದಾರ್. ಅರವತ್ತೈದು ದಾಟಿದ ನರರೋಗ ತಜ್ಞೆ, ಮಾತು ಕಡಿಮೆ. ಹದಿನಾಲ್ಕನೆಯ ಹೇಳಿಕೆಗೆ ಬಂದಾಗ ಮೇದಿನಿ ಎದ್ದು ನಿಂತು ತಾನು ತಂದಿದ್ದ ಅಧ್ಯಯನಗಳನ್ನೆಲ್ಲ ಹೇಳಿದಳು. ಕೆಮ್ಮೇ ಇಲ್ಲದೆ ನೀರು ಶ್ವಾಸನಾಳಕ್ಕೆ ಇಳಿಯುವವರು ಇರುತ್ತಾರೆ, ಮೂರು ಚಮಚದಲ್ಲಿ ಅವರು ತಪ್ಪಿಸಿಕೊಂಡುಬಿಡುತ್ತಾರೆ ಎಂದಳು.

ಸೂರತ್ತಿನ ಡಾ. ಕೌಶಲ್ ಝವೇರಿ ಕೈ ಎತ್ತಿದ. ಆ ಪ್ರಕರಣವನ್ನು ಹುಡುಕಿ ತೆಗೆದವನು ತಾನೇ ಎಂದು ಅವನು ಮುಚ್ಚಿಡಲಿಲ್ಲ. "ಮೇದಿನಿಬೆನ್, ನೀವು ಹೇಳುವುದೆಲ್ಲ ಪುಸ್ತಕದಲ್ಲಿ ಸರಿ. ನಮ್ಮೂರಿನ ಪಾಂಡೇಸರಾದ ಬಟ್ಟೆ ಮಿಲ್ಲುಗಳಿಂದ ನಮ್ಮಲ್ಲಿಗೆ ಬರುವವರನ್ನು ನೋಡಿ. ನಲವತ್ತು ಹಾಸಿಗೆಗೆ ಇಬ್ಬರು ನರ್ಸು. ನಾವು ದೊಡ್ಡ ಪರೀಕ್ಷೆ ಬರೆದರೆ ಅವರು ಅದನ್ನು ಮಾಡುವುದಿಲ್ಲ. ಮಾಡಿದೆವು ಎಂದು ಬರೆಯುತ್ತಾರೆ. ಚಿಕ್ಕದು ಬರೆದರೆ ಅದನ್ನಾದರೂ ನಿಜವಾಗಿ ಮಾಡುತ್ತಾರೆ. ಅಷ್ಟಾಗಿ ಪೂರ್ಣ ಪರೀಕ್ಷೆಯಿಂದ ಏನು ಸಿಕ್ಕಿತು? ಮೂವತ್ತೊಂದನೇ ರೋಗಿಯನ್ನು ನೋಡಿ. ಪಾಸಾದ, ಸತ್ತ."

ಹಲವರು ತಲೆಯಾಡಿಸಿದರು. 'ಮಾಡಿದೆವು ಎಂದು ಬರೆಯುತ್ತಾರೆ' ಎಂಬ ಮಾತು ಅವನು ಯಾರನ್ನೂ ಉದ್ದೇಶಿಸಿ ಆಡಿದ್ದಲ್ಲ. ಆದರೂ ಮೇದಿನಿಯ ಕಿವಿ ಬಿಸಿಯಾಯಿತು. ಅವನು ಒಳ್ಳೆಯವನು ಎಂಬುದು ಅವಳಿಗೆ ಗೊತ್ತಿತ್ತು. ಅವನು ತನ್ನ ರೋಗಿಗಳಿಗಾಗಿ ವಾದಿಸುತ್ತಿದ್ದ, ಅವಳ ಸುಳ್ಳನ್ನು ಸತ್ಯವೆಂದು ನಂಬಿ ವಾದಿಸುತ್ತಿದ್ದ. ನಿರಂಜನಾಬೆನ್, "ಇನ್ನು ಯಾರಾದರೂ ಮಾತಾಡುವವರಿದ್ದೀರಾ? ಇಲ್ಲದಿದ್ದರೆ ಮತ ಹಾಕೋಣ" ಎಂದರು.

ಮೇದಿನಿ ಇನ್ನೂ ನಿಂತೇ ಇದ್ದಳು.

"ಮೂವತ್ತೊಂದನೇ ರೋಗಿ ಪಾಸಾಗಿರಲಿಲ್ಲ" ಎಂದಳು. "ಆ ಪರೀಕ್ಷೆ ಮಾಡಿದವಳು ನಾನು. ಅಂದರೆ, ಮಾಡದವಳು ನಾನು. ಮೂರೇ ಚಮಚ ಕುಡಿಸಿದೆ. ದನಿ ಬದಲಾಯಿತು, ಕೇಳಿಸಿತು. ರೈಲಿಗೆ ಹೊತ್ತಾಗಿತ್ತು. ಪೂರ್ಣ ಪರೀಕ್ಷೆ ಮಾಡಿದೆ ಎಂದು ಬರೆದು ಹೋದೆ. ಮನೆಯವರ ಮೇಲೆ ತಪ್ಪು ಹೊರಿಸಿದಾಗ ಅಲ್ಲೇ ಇದ್ದೆ, ಸುಮ್ಮನಿದ್ದೆ."

ಕೌಶಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ, ಕಾಲ ಕೆಳಗಿನ ನೆಲ ಜಾರಿದವನ ಗಾಬರಿಯಿತ್ತು. ಕೊನೆಗೆ ಒಬ್ಬ ಹಿರಿಯ ನರ್ಸು, "ಈಗ ಯಾಕೆ ಹೇಳಿದಿರಿ?" ಎಂದು ಕೇಳಿದಳು. ಆರೋಪದ ದನಿಯಲ್ಲಲ್ಲ, ತಿಳಿಯುವ ಆಸೆಯಿಂದ.

"ಇವತ್ತು ಹೇಳದಿದ್ದರೆ ಅದೇ ತಪ್ಪನ್ನು ನೀವೆಲ್ಲ ಮಾಡುತ್ತೀರಿ, ನಿಯಮ ಅಂತ ತಿಳಿದು" ಎಂದಳು ಮೇದಿನಿ.

ನಿರಂಜನಾಬೆನ್ ಸಭೆಯನ್ನು ಅರ್ಧ ಗಂಟೆ ನಿಲ್ಲಿಸಿದರು. ಮೇದಿನಿಯನ್ನು ಪಕ್ಕದ ಕೋಣೆಗೆ ಕರೆದು, ಕುರ್ಚಿ ತೋರಿಸಿದರು, ತಾವು ಮಾತ್ರ ಕೂರಲಿಲ್ಲ. "ನೀವು ಈ ಗುಂಪಿನಲ್ಲಿ ಮುಂದುವರಿಯಲಾಗದು. ಆ ಆಸ್ಪತ್ರೆಗೆ ನಾನೇ ಬರೆಯಬೇಕು, ಇವತ್ತೇ. ಆಮೇಲೆ ಆ ಕುಟುಂಬ. ಅವರಿಗೆ ಆಸ್ಪತ್ರೆಯವರು ಮೊದಲು ತಿಳಿಸಲಿ. ನಿಮ್ಮನ್ನು ನೋಡುವುದಕ್ಕೆ ಅವರು ಒಪ್ಪಿದರೆ, ಹೋಗಿ ಬನ್ನಿ." ಬಾಗಿಲ ಕಡೆ ತಿರುಗಿ, "ನಿಮಗೆ ಶಹಬಾಸ್ ಎನ್ನಲು ನನ್ನಿಂದಾಗದು" ಎಂದರು.

"ಬೇಡ ಮೇಡಂ" ಎಂದಳು ಮೇದಿನಿ.

ಅವಳಿಲ್ಲದೆ ಸಭೆ ಮುಂದುವರಿಯಿತು. ಮೂವತ್ತೊಂದನೆಯ ರೋಗಿಯನ್ನು ಪುರಾವೆಯಿಂದ ತೆಗೆದುಹಾಕಿದರು. ಹದಿನಾಲ್ಕನೆಯ ಹೇಳಿಕೆಯನ್ನು ಕೌಶಲ್‌ನೇ ಕೂತು ತಿದ್ದಿ ಬರೆದನಂತೆ. ಮೂರು ಚಮಚ ಮೊದಲ ಹೆಜ್ಜೆ ಮಾತ್ರ, ಪೂರ್ಣ ಪರೀಕ್ಷೆಯಾಗದೆ ಬಾಯಿಗೆ ಏನೂ ಇಲ್ಲ, ಪಾಳಿಗೊಬ್ಬ ನರ್ಸಿಗೆ ಆಸ್ಪತ್ರೆ ಕಡ್ಡಾಯವಾಗಿ ತರಬೇತಿ ಕೊಡಬೇಕು. ಜೊತೆಗೆ ಅವನು ಇನ್ನೊಂದು ಸಾಲು ಸೇರಿಸಿದ್ದ: ಪರೀಕ್ಷೆ ಮಾಡಲು ಆಗದಿದ್ದರೆ 'ಆಗಲಿಲ್ಲ' ಎಂದು ಬರೆಯಲು ಫಾರಂನಲ್ಲಿ ಒಂದು ಚೌಕ ಇರಬೇಕು, ಹಾಗೆ ಬರೆದವರನ್ನು ದಂಡಿಸಬಾರದು. ಹದಿನಾರರಲ್ಲಿ ಹದಿನೈದು ಮಂದಿ ಒಪ್ಪಿದರು.

ಮೂರು ವಾರದ ನಂತರ, ಆಸ್ಪತ್ರೆಯವರು ಬರೆದ ಪತ್ರಕ್ಕೆ ಗುಂಡಪ್ಪನ ಮಗಳು ಧನುಶ್ರೀಯಿಂದ ಉತ್ತರ ಬಂತು. ಅವಳು ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನ ಲ್ಯಾಬಿನಲ್ಲಿ ಬಣ್ಣ ಪರೀಕ್ಷಿಸುವ ಕೆಲಸದಲ್ಲಿದ್ದಳು. ಅಪ್ಪ ಹೋದಮೇಲೆ ಅಮ್ಮನನ್ನು ಸೂರತ್ತಿಗೇ ಕರೆತಂದು ಇಟ್ಟುಕೊಂಡಿದ್ದಳು. ಭಾನುವಾರ ಹನ್ನೊಂದಕ್ಕೆ ಬನ್ನಿ ಎಂದಷ್ಟೇ ಇತ್ತು.

ಸುಧನ್ವ ತಾನೂ ಬರುತ್ತೇನೆಂದ. ಮೇದಿನಿ ಬೇಡವೆಂದಳು.

ಬಾಗಿಲು ತೆರೆದವಳು ಪಾರ್ವತಿಯೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ, ಕುಂದರ್ರಿ" ಎಂದಳು. ವಡೋದರಾದಿಂದ ಯಾರೋ ಆಸ್ಪತ್ರೆಯವರು ಬರುತ್ತಾರೆ ಎಂದಷ್ಟೇ ಮಗಳು ಅವಳಿಗೆ ಹೇಳಿದ್ದಳು. ಮೇದಿನಿಯ ಮುಖವನ್ನು ದಿಟ್ಟಿಸಿ, "ನೀವು ಅವತ್ತಿನ ಕನ್ನಡದ ಡಾಕ್ಟರಮ್ಮ ಅಲ್ಲೇನ್ರಿ? ನಿಮ್ಮ ಮಾತು ಕೇಳಿ ಅವರಿಗೆ ಎಷ್ಟು ಖುಷಿ ಆಗಿತ್ತು ಅಂತೀರಿ" ಎಂದಳು.

ಆ ಮಾತು ಕೇಳಿ ಮೇದಿನಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ಧನುಶ್ರೀ ಅಮ್ಮನ ಪಕ್ಕದಲ್ಲಿ ಕೂತಳು. ಅವಳ ನಾಲ್ಕು ವರ್ಷದ ಮಗು ಮನಸ್ವಿನಿ ಗುಜರಾತಿಯಲ್ಲಿ ಏನೋ ಹಟ ಮಾಡುತ್ತ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಚೆಲ್ಲಾಡುತ್ತಿತ್ತು. "ಅಮ್ಮ ಅದಕ್ಕ ಒಂದು ತುತ್ತೂ ಉಣ್ಣಸಂಗಿಲ್ರಿ. ಎಷ್ಟು ಅತ್ರೂ ಉಣ್ಣಸಂಗಿಲ್ಲ. ನಾನ ಕೆಲಸದಿಂದ ಬರಬೇಕು, ಇಲ್ಲಾ ಬಾಜೂ ಮನಿಯವರು ಬರಬೇಕು" ಎಂದಳು ಧನುಶ್ರೀ. "ಯಾಕಂತ ಅವರ ಬಾಯಿಂದನ ಕೇಳ್ರಿ."

ಪಾರ್ವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಮೇದಿನಿ ಕೇಳಲಿಲ್ಲ. ತಾನು ಬಂದ ವಿಷಯವನ್ನು ಹೇಳಿದಳು. ಸಭೆಯಲ್ಲಿ ಹೇಳಿದ್ದಕ್ಕಿಂತ ನಿಧಾನವಾಗಿ, ಒಂದೂ ಬಿಡದೆ. ರೈಲಿನ ವಿಷಯ, ಗೊರಗೊರ ದನಿಯ ವಿಷಯ, ಫಾರಂ, ಸಭೆ, ತಾನು ಬೇರೆ ಮೆಟ್ಟಿಲಿನಿಂದ ಇಳಿದುಹೋದದ್ದು. "ನೀವು ಕುಡಿಸಿದ್ದರಲ್ಲಿ ತಪ್ಪಿರಲಿಲ್ಲ. ನಾನು ಕುಡಿಸಿ ಅಂದಿದ್ದೇ ತಪ್ಪು" ಎಂದಳು.

ಪಾರ್ವತಿ ಕೇಳಿದಳು, "ದೊಡ್ಡ ಪರೀಕ್ಷಾ ಮಾಡಿದ್ರ ಅವರು ಉಳೀತಿದ್ರೇನು?"

"ಖಂಡಿತ ಅಂತ ಹೇಳೋಕಾಗಲ್ಲಮ್ಮ. ಉಳಿಯೋ ಸಾಧ್ಯತೆ ಬಹಳ ಇತ್ತು. ಕೆಲವು ದಿನ ಮೂಗಿನ ನಳಿಗೆಯಿಂದ ಕೊಟ್ಟು, ಆಮೇಲೆ ನಿಧಾನಕ್ಕೆ ನುಂಗೋದು ಕಲಿಸಬಹುದಿತ್ತು. ಅದೇ ನನ್ನ ಕೆಲಸ."

"ಅವರು ನನಗ, ಮಲಗಿಸಿ ಕುಡಿಸೀರಿ ಅಂದ್ರು. ನಾ ಮಲಗಿಸಿರಲಿಲ್ಲ. ಎರಡು ತಲದಿಂಬು ಇಟ್ಟು, ಬೆನ್ನಿಗೆ ಕೈ ಕೊಟ್ಟು ಕುಂದರಿಸಿದ್ದೆ. ಅದು ನನಗ ಸ್ಪಷ್ಟ ಗೊತ್ತಿತ್ತು. ಆದ್ರ ವರ್ಷ ಕಳದಂಗ ಗೊತ್ತಾಗದಂಗ ಆತು. ಎಲ್ಲಾರೂ ಅಂತಾರ ಅಂದ್ರ ಮಲಗಿಸಿದ್ನೇನೋ, ನಾನ ಮರತೇನೇನೋ ಅಂತ." ಅವಳ ದನಿ ಏರಿತು. "ನನ್ನ ನೆನಪನ್ನೂ ತಗೊಂಡ್ರಲ್ಲವಾ ನೀವು!"

ಮೇದಿನಿ ತಲೆ ತಗ್ಗಿಸಿದಳು. ಕ್ಷಮಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕೇಳಿದರೆ ಮತ್ತೆ ತನಗೇ ಏನೋ ಕೊಡಿ ಎಂದು ಬೇಡಿದಂತಾಗುತ್ತದೆ ಎನ್ನಿಸಿ ಕೇಳಲಿಲ್ಲ.

"ಧನು, ಫೋನ್ ತಗೋ" ಎಂದಳು ಪಾರ್ವತಿ. "ನಿಮ್ಮ ಕಾಕಾಗ ಹಚ್ಚು."

ಗುಂಡಪ್ಪನ ತಮ್ಮ ಶ್ರೀಪಾದ ರಾಣೆಬೆನ್ನೂರಿನಲ್ಲಿದ್ದ. ದಿನಕರ್ಮದ ದಿನ ಹತ್ತು ಜನರ ಮುಂದೆ, ನನ್ನ ಅಣ್ಣನನ್ನು ಚಹಾ ಕುಡಿಸಿ ಕೊಂದವಳ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಎದ್ದು ಹೋದವನು ಧನುಶ್ರೀಯ ಮದುವೆಗೂ ಬಂದಿರಲಿಲ್ಲ. ಫೋನು ರಿಂಗಾಯಿತು. ಪಾರ್ವತಿ ಅದನ್ನು ಮೇದಿನಿಯ ಮುಂದೆ ಹಿಡಿದಳು. "ನನಗ ಹೇಳಿದಂಗ ಹೇಳು. ಒಂದೂ ಬಿಡಬ್ಯಾಡ."

ಮೇದಿನಿ ಹೇಳಿದಳು. ಆ ಕಡೆ ಟಿವಿ ನಡೆಯುತ್ತಿತ್ತು. ಮಧ್ಯದಲ್ಲಿ ಯಾರೋ ಅದನ್ನು ಆರಿಸಿದರು. ಮುಗಿದಮೇಲೆ ಶ್ರೀಪಾದ, "ಇದನ್ನ ಯಾರರ ಹೇಳಿ ಮಾಡಸಾಕತ್ತಾರೇನು?" ಎಂದ.

"ಇಲ್ಲ. ನಾನು ಬರೆದು ಸಹಿ ಮಾಡಿ ಆಸ್ಪತ್ರೆಗೂ ಕೊಟ್ಟಿದ್ದೀನಿ. ನಿಮಗೂ ಕಳಿಸ್ತೀನಿ."

ಶ್ರೀಪಾದ ಬೇರೆಯೇ ದನಿಯಲ್ಲಿ, "ವೈನಿ ಅಲ್ಲೇ ಅದಾರೇನು?" ಎಂದು ಅತ್ತಿಗೆಯನ್ನು ವಿಚಾರಿಸಿದ.

ಪಾರ್ವತಿ ಫೋನಿನ ಕಡೆ ಬಾಗಲಿಲ್ಲ. "ಫೋನಿನ್ಯಾಗ ಬ್ಯಾಡ ಅನ್ನು. ಹೇಳೂದಿದ್ರ ಇಲ್ಲಿ ಬಂದು, ನನ್ನ ಮುಂದ ನಿಂತು ಹೇಳಲಿ" ಎಂದು ಮಗಳಿಗೆ ಹೇಳಿ ಒಳಗೆ ಹೋದಳು. ಒಳಗಿನಿಂದ ಅಳುವ ಸದ್ದು ಬಂತು. ಎಂಟು ವರ್ಷ ತಡೆದು ಹಿಡಿದ ಅಳು. ಮಗು ತಟ್ಟೆ ಬಿಟ್ಟು ಅಜ್ಜಿಯ ಕಡೆ ಓಡಿತು.

ಧನುಶ್ರೀ ಮೇದಿನಿಯನ್ನು ಕೆಳಗಿನ ಗೇಟಿನವರೆಗೆ ಬಿಡಲು ಬಂದಳು. "ನಾ ಕಂಪ್ಲೇಂಟ್ ಕೊಡಾಕಿ ಅದೀನಿ" ಎನ್ನಲು ಹೋಗಿ, ತಡೆದು, ಸ್ವಚ್ಛ ಹಿಂದಿಯಲ್ಲಿ ಹೇಳಿದಳು, "ನಾನು ದೂರು ಕೊಡುತ್ತೇನೆ. ನೀವಾಗಿ ಬಂದಿರಿ ಎಂದು ಬಿಡುವುದಿಲ್ಲ."

"ಕೊಡಿ. ನಾನು ಏನನ್ನೂ ಅಲ್ಲಗಳೆಯೋದಿಲ್ಲ" ಎಂದಳು ಮೇದಿನಿ.

ದೂರಿನ ವಿಚಾರಣೆ ನಾಲ್ಕು ತಿಂಗಳು ನಡೆಯಿತು. ಮೇದಿನಿಯನ್ನು ಒಂದು ವರ್ಷ ಸ್ವತಂತ್ರವಾಗಿ ರೋಗಿಗಳನ್ನು ಪರೀಕ್ಷಿಸದಂತೆ ತಡೆದರು. ಅಹಮದಾಬಾದಿನ ಅವಳ ಆಸ್ಪತ್ರೆ ಕೆಲಸದಿಂದ ತೆಗೆಯಲಿಲ್ಲ, ಆದರೆ ಅವಳಿಗಿಂತ ಹತ್ತು ವರ್ಷ ಚಿಕ್ಕವಳಾದ ಅಪೂರ್ವಳ ಕೈಕೆಳಗೆ ಹಾಕಿತು. ಅಪೂರ್ವ ಮೊದಮೊದಲು ಮುಜುಗರಪಟ್ಟು, "ನೀವೇ ನೋಡಿಬಿಡಿ ಮೇಡಂ, ನಾನು ಸಹಿ ಹಾಕ್ತೀನಿ" ಎನ್ನುತ್ತಿದ್ದಳು. ಮೇದಿನಿ ಒಪ್ಪುತ್ತಿರಲಿಲ್ಲ. "ನೀವು ಬಂದು ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ಸಹಿ ಹಾಕಿ" ಎಂದು ಹಟ ಹಿಡಿಯುತ್ತಿದ್ದಳು. ಮಾರ್ಗಸೂಚಿ ಪ್ರಕಟವಾದಾಗ ಸದಸ್ಯರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವಳೇ ಬೇಡವೆಂದು ಬರೆದಿದ್ದಳು.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಅವಳು ಒಳಗೊಳಗೇ ನಂಬಿದ್ದಳು. ಹಾಗಾಗಲಿಲ್ಲ. ಮೊದಲು ಒಬ್ಬ ಗುಂಡಪ್ಪನ ಭಾರವಿತ್ತು, ಈಗ ಪಾರ್ವತಿಯ ಎಂಟು ವರ್ಷಗಳ ಭಾರವೂ ಸೇರಿತು. ಆದರೆ ಆ ಭಾರ ಬೇರೆಯವರ ಹೆಗಲ ಮೇಲಿಲ್ಲವಲ್ಲ ಎಂಬುದೊಂದು ಅವಳಿಗೆ ಗೊತ್ತಿತ್ತು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಧನುಶ್ರೀಯಿಂದ ಸಂದೇಶ ಬಂತು. ನಮಸ್ಕಾರವೂ ಇಲ್ಲ, ಹೆಸರೂ ಇಲ್ಲ. 'ಕಾಕಾ ನಿನ್ನೆ ಬಂದಿದ್ರು. ಊಟ ಮಾಡಿ ಹೋದ್ರು. ಅಮ್ಮ ಬಡಿಸಿದ್ರು.' ಮೇದಿನಿ ವಾರ್ಡಿನ ಬಾಗಿಲಲ್ಲಿ ನಿಂತು ಅದನ್ನು ಎರಡು ಸಲ ಓದಿದಳು. ಉತ್ತರವಾಗಿ ಏನು ಬರೆಯುವ ಅಧಿಕಾರ ತನಗಿದೆ ಎಂದು ತೋಚದೆ, ಏನನ್ನೂ ಬರೆಯದೆ ಫೋನನ್ನು ಚೀಲಕ್ಕೆ ಹಾಕಿದಳು. ಒಳಗೆ ಹೊಸ ರೋಗಿಯ ಹಾಸಿಗೆಯ ಬಳಿ ಅಪೂರ್ವ ಕಾಯುತ್ತಿದ್ದಳು.